ರಬ್ಬರ್ ಚಕ್ರ

ಮುದ್ದೇಬಿಹಾಳದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು ಏಳೆಂಟು ಮಂದಿ ಇದ್ದರು. ಆದರೂ ಕೆಟ್ಟ ಇಂಜಿನ್ ಹೊತ್ತು ತಂದವರು ಮೊದಲು ವಿಚಾರಿಸುತ್ತಿದ್ದದ್ದು ಇಸಾಕನ ಅಂಗಡಿಯನ್ನು. ನಲವತ್ತಾರು ವರ್ಷದ ಇಸಾಕ ಇಂಜಿನ್ ಬಿಚ್ಚುವ ಮೊದಲು ಅದನ್ನು ಒಮ್ಮೆ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ಕೈ ಹಾಕಿದರೆ ನೇರ ರೋಗ ಇದ್ದಲ್ಲಿಗೇ ಹೋಗುತ್ತಿದ್ದ.

"ನಾ ಮುಟ್ಟಿದ ಇಂಜಿನ್ ಹೊಳ್ಳಿ ಬಂದಿದ್ದಿಲ್ಲ" ಎಂದು ಅವನು ಹೇಳಿಕೊಳ್ಳುತ್ತಿದ್ದ.

"ಹೊಳ್ಳಿ ಬಂದವನ್ನ ನೀವು ಎಣಸಂಗಿಲ್ಲಲ್ರಿ" ಎಂದು ಹೆಂಡತಿ ಸಗೀರಾ ನಗುತ್ತಿದ್ದಳು.

ಅಲ್ಲಿಂದ ಹದಿನೆಂಟು ಕಿಲೋಮೀಟರ್ ದೂರ, ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೆ ಹೊಳೆಹಂಚಿನಾಳ. ಡ್ಯಾಮಿನ ನೀರು ನಿಂತಾಗ ಹಳೆಯ ಊರು ಮುಳುಗಿತ್ತು. ಮನೆಗಳು ಈ ದಂಡೆಯ ದಿಬ್ಬಕ್ಕೆ ಬಂದವು, ಅರ್ಧ ಊರಿನ ಹೊಲಗಳು ಆ ದಂಡೆಯಲ್ಲೇ ಉಳಿದವು. ನಡುವೆ ಒಂದೂವರೆ ಕಿಲೋಮೀಟರ್ ನೀರು. ರಸ್ತೆ ಹಿಡಿದು ಸುತ್ತಿ ಹೋದರೆ ನಲವತ್ತೆರಡು. ಜನರನ್ನು ಆ ನೀರು ಇಪ್ಪತ್ತು ವರ್ಷದಿಂದ ದಾಟಿಸುತ್ತಿದ್ದವನು ಗುರುಲಿಂಗಪ್ಪ. ಅವನದೊಂದು ಸಣ್ಣ ಕಟ್ಟಿಗೆಯ ದೋಣಿ. ಅದಕ್ಕೊಂದು ಹಾಯಿ. ಹಾಯಿಯ ಬಟ್ಟೆಯನ್ನು ಅವನೇ ಹೊಲಿದಿದ್ದ, ಹರಿದಲ್ಲೆಲ್ಲ ತಾಡಪಾಲಿನ ತೇಪೆ ಹಚ್ಚಿದ್ದ. ಗಾಳಿ ಇದ್ದ ದಿನ ಇಪ್ಪತ್ತು ನಿಮಿಷಕ್ಕೆ ಆ ದಂಡೆ. ಗಾಳಿ ಇಲ್ಲದ ದಿನ ಹುಟ್ಟು ಹಾಕಬೇಕು, ಆಗ ಒಂದು ತಾಸು ಹಿಡಿದರೂ ಹಿಡಿಯಿತು.

ಆ ಒಂದು ತಾಸೇ ಅವನ ಮಗಳು ಸುನಂದಾಳಿಗೆ ಮುಳುವಾಗಿತ್ತು. ಅವಳು ಆ ದಂಡೆಯ ವಸ್ತಿಯಲ್ಲಿ ಅಂಗನವಾಡಿ ಟೀಚರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಾನೇ ಅರ್ಜಿ ಹಾಕಿ, ತಾನೇ ಓಡಾಡಿ ಆ ಕೆಲಸ ಹಿಡಿದಿದ್ದಳು. ಈಗ ಹಾಜರಿ ಮೊಬೈಲಿನಲ್ಲಿ, ಒಂಬತ್ತೂವರೆಗೆ ಫೋಟೋ ಹೋಗಬೇಕು. ಎರಡು ನೋಟಿಸು ಬಂದ ಮೇಲೆ ಅವಳು ಒಂದು ದಿನ ಅಂಗಡಿಗೆ ಬಂದಳು.

"ಇಸಾಕಣ್ಣ, ಗಾಳಿ ಬರಲಿಲ್ಲಂತ ಬರೆದು ಕೊಟ್ರ ಸೂಪರ್‌ವೈಜರ್ ಮೇಡಂ ನಗ್ತಾರ. ನಮ್ಮ ದೋಣಿಗೊಂದು ಇಂಜಿನ್ ಹುಡುಕಿ ಕೊಡು. ಅಪ್ಪನ್ನ ನಾ ಒಪ್ಪಸ್ತೇನಿ."

ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರನ್ನು ಇಸಾಕ ಅದುವರೆಗೆ ಮೊಬೈಲಿನಲ್ಲಷ್ಟೇ ನೋಡಿದ್ದ. ಆದರೆ ಗೊತ್ತಿಲ್ಲ ಎಂದು ಹೇಳುವುದು ಅವನ ಸ್ವಭಾವವಾಗಿರಲಿಲ್ಲ. ಹತ್ತು ಮಂದಿಯನ್ನು ಕೇಳಿ, ಚಡಚಣದಲ್ಲಿ ಅಶ್ಫಾಕ ಎಂಬ ಹಳೇ ಸಾಮಾನಿನ ವ್ಯಾಪಾರಿ ಮಹಾರಾಷ್ಟ್ರದ ಕಡೆಯಿಂದ ಅಂಥದೊಂದು ತಂದಿದ್ದಾನೆಂದು ಪತ್ತೆ ಹಚ್ಚಿದ. ಗುರುಲಿಂಗಪ್ಪನೂ ಇಸಾಕನೂ ಬಾಗೇವಾಡಿ, ಇಂಡಿ ದಾಟಿ, ಮೂರು ಬಸ್ಸು ಬದಲಿಸಿ ಹೋದರು. ದ್ರಾಕ್ಷಿ ಕ್ರೇಟುಗಳ ಹಿಂದೆ ಇಂಜಿನ್ ನಿಂತಿತ್ತು. ಎಂಟು ಹಾರ್ಸ್‌ಪವರ್, ಬಣ್ಣ ಹೋಗಿತ್ತು. ಒಂದು ಡ್ರಮ್ಮಿನಲ್ಲಿ ನೀರು ತುಂಬಿಸಿ ಅದರೊಳಗೆ ಇಳಿಬಿಟ್ಟು ಇಸಾಕ ದಾರ ಜಗ್ಗಿದ. ಮೂರನೆಯ ಜಗ್ಗಿಗೆ ಶುರುವಾಯಿತು. ಅವನು ಕಣ್ಣು ಮುಚ್ಚಿ ಕೇಳಿದ. ಮುಖ ಅರಳಿತು.

"ಕಾಕಾ, ಇಲ್ಲಿ ನೋಡ್ರಿ" ಎಂದು ಇಂಜಿನ್ನಿನ ಹಿಂದಿನ ಸಣ್ಣ ತೂತು ತೋರಿಸಿದ. ಅದರಿಂದ ಬೆರಳು ದಪ್ಪದ ನೀರು ಚಿಮ್ಮುತ್ತಿತ್ತು. "ಒಳಗ ಒಂದು ರಬ್ಬರ್ ಚಕ್ರ ಐತಿ. ಅದು ಹೊಳ್ಯಾಗಿನ ನೀರು ಎಳಕೊಂಡು ಇಂಜಿನ್ ತಣ್ಣಗ ಇಡತೈತಿ. ಈ ಧಾರಿ ಬೀಳೂತನಕ ಚಿಂತಿ ಇಲ್ಲ. ಧಾರಿ ನಿಂತ್ರ ತಕ್ಷಣ ಬಂದ್ ಮಾಡಬೇಕು. ಇಲ್ಲಂದ್ರ ಕಾದು ಪಿಸ್ಟನ್ ಕಚಕೊಂಡು ಕುಂದರತೈತಿ."

ಗುರುಲಿಂಗಪ್ಪ ನೀರಿನ ಧಾರೆಯನ್ನು ಬಹಳ ಹೊತ್ತು ನೋಡಿದ.

"ಗಾಳಿ ನಿಲ್ಲೂ ಮೊದ್ಲ ಹೇಳ್ತೈತಿ ಇಸಾಕ. ನೀರಿನ ಮ್ಯಾಲಿನ ತೆರಿ ನೋಡಿದ್ರ ತಿಳೀತೈತಿ. ಇದು ಹೇಳ್ತೈತೇನು?"

"ನಾ ಇಲ್ಲೇನ್ರಿ ಹೇಳಾಕ?" ಎಂದ ಇಸಾಕ.

ದೋಣಿಯ ಹಿಂದಿನ ಹಲಗೆಗೆ ಇಂಜಿನ್ ಕೂತಿತು. ಮೊದಲ ಒಂದು ತಿಂಗಳು ಹಾಯಿಕಂಬವೂ ಇತ್ತು. ಮೇವಿನ ಹೊರೆ, ಹಾಲಿನ ಕ್ಯಾನು ಇಡುವಾಗ ಅದು ಅಡ್ಡ ಬರುತ್ತಿತ್ತು, ಇಂಜಿನ್ ನಡೆಯುವಾಗ ಗಾಳಿಗೆ ಎಳೆಯುತ್ತಿತ್ತು. ತೆಗೆಯಿರೆಂದು ಇಸಾಕ ಹೇಳಿದ. ಗುರುಲಿಂಗಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುನಂದಾ, "ಅಪ್ಪಾ, ಒಂದ ಮನ್ಯಾಗ ಇಬ್ಬರು ಹಿರೇರು ಯಾಕ?" ಎಂದು ನಕ್ಕಳು. ಅಂದೇ ಇಸಾಕ ತನ್ನ ಕೈಯಾರೆ ಕಂಬ ಕಿತ್ತು, ಅದು ನಿಲ್ಲುತ್ತಿದ್ದ ಗೂಡನ್ನೂ ಗರಗಸದಿಂದ ಕೊಯ್ದು ಸಪಾಟು ಮಾಡಿದ. ಹಾಯಿಯ ಬಟ್ಟೆಯನ್ನು ಗುರುಲಿಂಗಪ್ಪನ ಹೆಂಡತಿ ಕಸ್ತೂರೆವ್ವ ಮೇವಿನ ಬಣವೆಯ ಮೇಲೆ ಹೊದಿಸಿದಳು.

ಎಂಟು ತಿಂಗಳು ಇಂಜಿನ್ ಒಂದು ದಿನವೂ ನಿಲ್ಲಲಿಲ್ಲ. ಸುನಂದಾ ಒಂಬತ್ತು ಗಂಟೆಗೇ ಅಂಗನವಾಡಿಯ ಬಾಗಿಲು ತೆಗೆಯುತ್ತಿದ್ದಳು. ಆ ದಂಡೆಯ ಹುಡುಗರು ದೋಣಿಯ ಸದ್ದು ಕೇಳಿಯೇ ಓಡಿ ಬರುತ್ತಾರೆಂದು ಅಂಗಡಿಗೆ ಬಂದಾಗ ಹೇಳಿದಳು. ಇಸಾಕನಿಗೆ ಅದು ತನ್ನನ್ನೇ ಹೊಗಳಿದಂತೆ ಕೇಳಿಸಿತು.

ಫೆಬ್ರವರಿಯಲ್ಲಿ ಧಾರೆ ಸಣ್ಣದಾಯಿತು. ಗುರುಲಿಂಗಪ್ಪ ಟಂಟಂ ಗಾಡಿಯಲ್ಲಿ ಇಂಜಿನ್ ಹಾಕಿಕೊಂಡು ಬಂದ. ಬಿಚ್ಚಿ ನೋಡಿದರೆ ರಬ್ಬರ್ ಚಕ್ರದ ಎರಡು ಎಸಳು ಹರಿದಿದ್ದವು. ಹೊಸದು ಸಮುದ್ರದ ಕಡೆಯ ಊರಿಂದ ಬರಬೇಕು, ಕಡಿಮೆಯೆಂದರೂ ಹದಿನೈದು ದಿನ. ಸುನಂದಾಳ ಹಾಜರಿ ಇಸಾಕನಿಗೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಆಗೋದಿಲ್ಲ ಎಂದು ಹೇಳುವುದು ಅವನಿಗೆ ಒಗ್ಗಲಿಲ್ಲ. ಗುರುಲಿಂಗಪ್ಪ ಚಹಾ ಕುಡಿಯಲು ಹೋದಾಗ ಹಳೇ ಟ್ರ್ಯಾಕ್ಟರ್ ಟೈರಿನ ರಬ್ಬರು ತೆಗೆದು, ಅಳತೆ ಹಿಡಿದು, ಒಂದು ಚಕ್ರ ಕೊಯ್ದ. ಕೆಲಸ ಅಚ್ಚುಕಟ್ಟಾಗಿತ್ತು. ಡ್ರಮ್ಮಿನಲ್ಲಿ ಇಳಿಬಿಟ್ಟು ನೋಡಿದರೆ ಧಾರೆ ಮೊದಲಿನಂತೆಯೇ ಚಿಮ್ಮಿತು.

"ಹೊಸಾದು ಹಾಕಿದೇನು?" ಗುರುಲಿಂಗಪ್ಪ ಕೇಳಿದ.

"ಹೊಸಾದ ಹಾಕೀನ್ರಿ ಕಾಕಾ."

ಅಸಲಿ ಚಕ್ರ ಬಂದ ಮೇಲೆ ಬದಲಿಸಿದರಾಯಿತು, ಹೇಳುವುದೇನಿದೆ ಎಂದು ಅವನು ಅಂದುಕೊಂಡಿದ್ದ. ಅದು ಮಾರ್ಚಿನಲ್ಲಿ ಬಂತು. ಪೊಟ್ಟಣವನ್ನು ಒಡೆದೂ ನೋಡದೆ ಮೇಜಿನ ಖಾನೆಯಲ್ಲಿಟ್ಟ. ಆಗ ಬೇಸಿಗೆ, ಬೋರ್‌ವೆಲ್ ಮೋಟರುಗಳು ಸಾಲುಗಟ್ಟಿ ಬರುತ್ತಿದ್ದವು. ಹೊಳೆಹಂಚಿನಾಳಕ್ಕೆ ಹೋಗಲು ಅರ್ಧ ದಿನ ಬೇಕು. ಏಪ್ರಿಲ್ ಹೋಯಿತು, ಮೇ ಹೋಯಿತು. ಇಂಜಿನ್ ನಡೆಯುತ್ತಲೇ ಇತ್ತು. ನಡೆಯುವ ಇಂಜಿನ್ನನ್ನು ಯಾಕೆ ಬಿಚ್ಚಬೇಕು ಎಂದು ಅವನಿಗೆ ಅನ್ನಿಸತೊಡಗಿತು. ಕೊನೆಗೆ ಆ ವಿಷಯವೇ ಮರೆತುಹೋಯಿತು.

ಜುಲೈ ಕೊನೆಯ ವಾರ ಮೇಲಿನ ಡ್ಯಾಮಿನ ಗೇಟು ತೆಗೆದರು. ಡಂಗುರ ಸಾರಿದ್ದರು. ನೀರು ಇನ್ನೂ ಅಷ್ಟು ಏರಿರಲಿಲ್ಲ, ಆದರೆ ಸೆಳೆತ ಬಂದಿತ್ತು. ಬೆಳಿಗ್ಗೆ ಎಂಟೂವರೆಗೆ ಗುರುಲಿಂಗಪ್ಪ ಸುನಂದಾಳೂ ಸೇರಿ ಏಳು ಮಂದಿಯನ್ನು ಹತ್ತಿಸಿಕೊಂಡ. ಮರುದಿನದಿಂದ ದೋಣಿ ಬಂದ್ ಎಂದು ಅವನೇ ಹೇಳಿದ್ದ. ಪಶ್ಚಿಮದ ಗಾಳಿ ಜೋರಾಗಿ ಬೀಸುತ್ತಿತ್ತು.

ನಡುನೀರು ದಾಟಿದ ಮೇಲೆ ಇಂಜಿನ್ನಿನ ಸದ್ದು ಗಡಸಾಯಿತು. ಗುರುಲಿಂಗಪ್ಪ ತಿರುಗಿ ನೋಡಿದ. ಧಾರೆ ಇರಲಿಲ್ಲ. ಬಂದ್ ಮಾಡಲು ಕೈ ಚಾಚುವಷ್ಟರಲ್ಲಿ ಇಂಜಿನ್ ಒಮ್ಮೆ ಕಿರುಚಿ ನಿಂತೇಬಿಟ್ಟಿತು. ದಾರ ಜಗ್ಗಿದ, ದಾರ ಒಂದು ಗೇಣೂ ಬರಲಿಲ್ಲ. ಇಬ್ಬರು ಗಂಡಸರು ಹುಟ್ಟು ಹಾಕಿದರು. ತುಂಬಿದ ದೋಣಿಯನ್ನು ಸೆಳೆತ ಮೂಡಣಕ್ಕೆ ಒಯ್ಯುತ್ತಿತ್ತು. ಹುಟ್ಟು ಅದಕ್ಕೆ ಸಾಲಲಿಲ್ಲ. ಹಾಯಿ ಇದ್ದಿದ್ದರೆ ಆ ಗಾಳಿಗೆ ದೋಣಿ ಐದು ನಿಮಿಷಕ್ಕೆ ದಂಡೆ ಮುಟ್ಟುತ್ತಿತ್ತು. ಅದು ಗುರುಲಿಂಗಪ್ಪನಿಗೆ ಗೊತ್ತಿತ್ತು. ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೂಡಣ ದಿಕ್ಕಿನಲ್ಲಿ ಮುಳುಗಿದ ಹಳೇ ಊರಿತ್ತು. ಅದರ ಹೆಬ್ಬಾಗಿಲಾಗಿದ್ದ ಅಗಸಿಯ ಕಲ್ಲು ನೀರಿನ ಕೆಳಗೆ ಒಂದು ಮೊಳದಲ್ಲಿತ್ತು, ಸುತ್ತ ಸತ್ತ ಜಾಲಿಗಿಡಗಳು. ದೋಣಿ ಅಡ್ಡಲಾಗಿ ಹೋಗಿ ಕಲ್ಲಿಗೆ ಬಡಿದು ಮಗುಚಿತು. ಹೊಳೆದಂಡೆಯವರು, ಎಲ್ಲರಿಗೂ ಈಜು ಬರುತ್ತಿತ್ತು. ಬಾರದವಳು ಒಬ್ಬಳೇ ಮುದುಕಿ. ಸುನಂದಾ ಖಾಲಿ ಹಾಲಿನ ಕ್ಯಾನೊಂದನ್ನು ಹಿಡಿದು ಮುದುಕಿಯ ಎದೆಗೆ ಕೊಟ್ಟು ದೂಡಿದಳು. ಮುದುಕಿ ತೇಲಿ ದಂಡೆಯ ಕಡೆ ಹೋದಳು. ಸುನಂದಾಳ ಸೀರೆ ನೀರೊಳಗಿನ ಜಾಲಿಯ ಮುಳ್ಳಿಗೆ ಸಿಕ್ಕಿತು. ಅಪ್ಪ ಮೂರು ಸಲ ಮುಳುಗಿ ಹುಡುಕಿದ. ಅವಳು ಸಿಕ್ಕಾಗ ಹನ್ನೊಂದು ಗಂಟೆಯಾಗಿತ್ತು.

ಮಣ್ಣಿಗೆ ಇಸಾಕ ಹೋಗಿದ್ದ. ಗುರುಲಿಂಗಪ್ಪನ ಎದುರು ನಿಲ್ಲಲಾಗದೆ ಜನರ ಹಿಂದೆ ನಿಂತಿದ್ದ. ಇಂಜಿನ್ ಯಾಕೆ ನಿಂತಿತೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ತನಗೂ ಗೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಫೌಜದಾರರು ಅವನನ್ನು ಪೊಲೀಸ್ ಠಾಣೆಗೆ ಕರೆಸಿದರು. ಇಂಜಿನ್ ಮೇಲೆತ್ತಿಸಿ ತಂದಿದ್ದರು.

"ಈ ಭಾಗದಾಗ ಇದರ ಮಾಹಿತಿ ಇರಾಂವ ನೀನೊಬ್ಬನ ಅಂತಾರ. ಬಿಚ್ಚಿ ನೋಡಿ, ಯಾಕ ನಿಂತಿತು ಅಂತ ಬರಕೊಡು" ಎಂದರು.

ಠಾಣೆಯ ಹಿಂದಿನ ಗಿಡದ ನೆರಳಿನಲ್ಲಿ ಕೂತು ಇಸಾಕ ಬಿಚ್ಚಿದ. ಒಬ್ಬ ಪೇದೆ ದೂರ ನಿಂತು ಮೊಬೈಲ್ ನೋಡುತ್ತಿದ್ದ. ಕೆಳಗಿನ ಭಾಗ ಬಿಚ್ಚಿದಾಗ ಟೈರಿನ ರಬ್ಬರು ಚೂರುಚೂರಾಗಿ ಅಂಗೈಗೆ ಬಿತ್ತು. ಒಂದು ಚೂರಿನ ಮೇಲೆ ಅವನ ಪೆನ್ಸಿಲಿನ ಗುರುತು ಹಾಗೇ ಇತ್ತು. ಅವನು ಅಂಗೈ ಮುಚ್ಚಿದ. ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಅಷ್ಟು ಸುಲಭವಾಗಿತ್ತು.

ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದ. ಮುಳುಗಿದ ದೋಣಿಯ ಟ್ಯಾಂಕಿನಲ್ಲಿ ನೀರಿಲ್ಲದೆ ಇನ್ನೇನಿರುತ್ತದೆ? ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಫೌಜದಾರರ ಮುಂದಿಟ್ಟ. ಕೆಳಗೆ ನೀರು, ಮೇಲೆ ಪೆಟ್ರೋಲು, ಎರಡರ ನಡುವೆ ಗೆರೆ ಎಳೆದಂತಿತ್ತು.

"ಪೆಟ್ರೋಲಿನ್ಯಾಗ ನೀರು ಕಲತೈತಿ ಸಾಹೇಬ್ರ. ಕ್ಯಾನು ಮಳ್ಯಾಗ ಇಟ್ಟಿರಬೇಕು" ಎಂದ.

"ಅಂದ್ರ ಆ ಮುದುಕಂದ ತಪ್ಪು."

ಇಸಾಕ ಪೆನ್ನು ತೆಗೆದುಕೊಂಡ. ಬರೆದ ಕಾಗದದ ಕೆಳಗೆ ಸಹಿ ಮಾಡಿದ.

ಗುರುಲಿಂಗಪ್ಪನ ಮೇಲೆ ನಿರ್ಲಕ್ಷ್ಯದ ಕೇಸು ಆಯಿತು. ದೋಣಿ ಜಪ್ತಾಯಿತು. ಆ ದಂಡೆಯ ಜನ ನಲವತ್ತೆರಡು ಕಿಲೋಮೀಟರ್ ಸುತ್ತತೊಡಗಿದರು, ಹಲವರು ಹೊಲ ಪಾಲಿಗೆ ಹಾಕಿದರು. ಇತ್ತ, ಪೊಲೀಸರಿಗೆ ಬರೆದುಕೊಟ್ಟ ಮೆಕ್ಯಾನಿಕ್ ಎಂದು ಇಸಾಕನ ಹೆಸರು ಹಬ್ಬಿತು. ಹಿನ್ನೀರಿನಲ್ಲಿ ಮೀನು ಹಿಡಿಯುವ ಒಂದು ಸೊಸೈಟಿಯವರು ತಮ್ಮ ಐದು ದೋಣಿಯ ಇಂಜಿನ್ನುಗಳನ್ನು ಅವನಿಗೇ ವಹಿಸಿದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಸಗೀರಾ ಸ್ಪ್ಯಾನರ್ ಹುಡುಕಿ ಕೊಡಲು ಮೇಜಿನ ಖಾನೆ ಎಳೆದಳು. ಪೊಟ್ಟಣ ಸಿಕ್ಕಿತು.

"ಇದೇನ್ರಿ? ಮಾರ್ಚದಾಗ ಬಂದದ್ದು, ಇನ್ನೂ ಒಡದಿಲ್ಲ?"

ಅವಳು ಒಡೆದಳು. ಚಕ್ರ ನೋಡಿದಳು, ಗಂಡನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಅಂಗಡಿಯವನ ಹೆಂಡತಿ ಅವಳು. ಅದು ಯಾವ ಇಂಜಿನ್ನಿನದೆಂದು ಕೇಳಬೇಕಾಗಿರಲಿಲ್ಲ.

"ಆ ಹೆಣ್ಣಮಗಳು ನಿಮಗ ಅಣ್ಣಾ ಅಂತಿದ್ಲು" ಎಂದಷ್ಟೇ ಹೇಳಿ, ಡಬ್ಬಿ ಅಲ್ಲೇ ಬಿಟ್ಟು ಹೋದಳು. ಆಮೇಲೆ ಅವಳು ಅಂಗಡಿಗೆ ಬರುವುದನ್ನು ಬಿಟ್ಟಳು. ಮನೆಯಲ್ಲಿ ಬೇಕಾದಷ್ಟೇ ಮಾತು.

ಅಕ್ಟೋಬರಿನಲ್ಲಿ, ಕೋರ್ಟಿನ ತಾರೀಖಿಗೆ ಎಂಟು ದಿನ ಮೊದಲು, ಇಸಾಕ ಹೊಳೆಹಂಚಿನಾಳಕ್ಕೆ ಹೋದ. ಗುರುಲಿಂಗಪ್ಪ ದಂಡೆಯ ಮೇಲೆ ಒಬ್ಬನೇ ಕೂತಿದ್ದ. ಇಸಾಕ ಎದುರು ಕೂತು, ನೆಲ ನೋಡುತ್ತ ಶುರು ಮಾಡಿದ.

"ಕಾಕಾ, ಫೆಬ್ರವರಿದಾಗ ನಾ ಹಾಕಿದ ಚಕ್ರ..."

"ಹೊಸಾದಲ್ಲ. ಗೊತ್ತೈತಿ."

ಇಸಾಕ ತಲೆ ಎತ್ತಿದ.

"ಧಾರಿ ನಿಂತದ್ದು ನಾ ನೋಡಿದ್ನಿ. ದಾರ ಜಗ್ಗಿದ್ರ ಬರಲಿಲ್ಲ. ಪೆಟ್ರೋಲಿನ್ಯಾಗ ನೀರಿದ್ರ ಇಂಜಿನ್ ಕೆಮ್ಮತೈತಿ, ಕಚಗೊಳ್ಳಂಗಿಲ್ಲ. ನೀನ ಕಲಿಸಿದ್ದಿ. ನೀ ಬರಕೊಟ್ಟಿದ್ದು ಫೌಜದಾರ ಓದಿ ಹೇಳಿದ ದಿನಾನ ಎಲ್ಲಾ ತಿಳೀತು."

"ಮತ್ತ ಯಾಕ ಹೇಳಲಿಲ್ರಿ?"

"ಯಾರಿಗೆ ಹೇಳಲಿ? ದೋಣಿ ನಂದು. ಕಂಬ ನೀ ಕಿತ್ತಿ, ನಾ ನಿಂತು ನೋಡಿದ್ನಿ. ಇಪ್ಪತ್ತು ವರ್ಷ ಹೊಳಿ ದಾಟಿಸಿದಾಂವ ಹಾಯಿ ಇಲ್ಲದ ದೋಣಿ ಹತ್ತಬಾರದು ಅನ್ನೂದು ತಿಳದಿದ್ರೂ ಹತ್ತಿದ್ನಿ."

"ನಾ ಕೋರ್ಟಿನ್ಯಾಗ ಖರೇ ಹೇಳ್ತೇನಿ ಕಾಕಾ."

"ಬ್ಯಾಡ" ಎಂದ ಗುರುಲಿಂಗಪ್ಪ. ದನಿ ಏರಿರಲಿಲ್ಲ. "ಹೇಳಿ ನೀ ಹಗೂರ ಆಗ್ತಿ. ನಾ ಹಗೂರ ಆಗಂಗಿಲ್ಲ. ನೀ ಯಾಕ ಹಗೂರ ಆಗಬೇಕು? ಇಟಗೋ ನಿನ್ನ ಹತ್ರಾನ."

ಆ 'ಬ್ಯಾಡ' ಇಸಾಕನಿಗೆ ಸಾಕಾಯಿತು. ಬೈಕಿನಲ್ಲಿ ವಾಪಸು ಬರುವಾಗ, ಅವನೇ ಬೇಡವೆಂದ ಮೇಲೆ ನಾನೇನು ಮಾಡಲಿ ಎಂದು ಅಂದುಕೊಂಡ. ಹಾಗೆ ಅಂದುಕೊಂಡಾಗ ಒಳಗೆಲ್ಲೋ ಸಣ್ಣ ನಿರಾಳವೂ ಆಯಿತು. ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಬೈಕು ತಿರುಗಿಸಲಿಲ್ಲ.

ಕೋರ್ಟಿನಲ್ಲಿ ಗುರುಲಿಂಗಪ್ಪ ತಪ್ಪೊಪ್ಪಿಕೊಂಡ. ವಯಸ್ಸು ನೋಡಿ ದಂಡ ಹಾಕಿ ಬಿಟ್ಟರು. ಇನ್ನು ಮುಂದೆ ಜನರನ್ನು ದಾಟಿಸುವಂತಿಲ್ಲ ಎಂದಾಯಿತು.

ಇಸಾಕ ತಿಂಗಳಿಗೊಮ್ಮೆ ಆ ಮನೆಗೆ ಹೋಗತೊಡಗಿದ. ಯಾಕೆ ಹೋಗುತ್ತಿದ್ದನೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುರುಲಿಂಗಪ್ಪ ಬಾ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಿರಲಿಲ್ಲ. ಕಸ್ತೂರೆವ್ವ ಮಾತ್ರ ಚಹಾ ಕಾಸಿ ಕೊಡುತ್ತಿದ್ದಳು. ಆರು ತಿಂಗಳಲ್ಲಿ ಅವಳು ಅರ್ಧಕ್ಕಿಳಿದಿದ್ದಳು.

ಜನವರಿಯಲ್ಲಿ ಹೋದ ದಿನ ಅವಳು ಊಟಕ್ಕೆ ಕೂಡಿಸಿದಳು. ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ. ಗುರುಲಿಂಗಪ್ಪ ಕಟ್ಟೆಗೆ ಒರಗಿ ಕೂತಿದ್ದ.

"ತಮ್ಮಾ, ನಿನ್ನ ಒಂದು ಮಾತು ಕೇಳಬೇಕು. ಭಾಳ ದಿನದಿಂದ ಐತಿ" ಎಂದಳು ಕಸ್ತೂರೆವ್ವ. "ಪೆಟ್ರೋಲಿನ್ಯಾಗ ಎಷ್ಟು ನೀರು ಬಿದ್ರ ಇಂಜಿನ್ ನಿಲ್ಲತೈತಿ?"

ಇಸಾಕನ ಕೈಯ ತುತ್ತು ಅಲ್ಲೇ ನಿಂತಿತು. "ಯಾಕ್ರಿ ಅವ್ವಾ?"

"ಆ ಕ್ಯಾನು ನಾನ ಹೊರಗಿಟ್ಟಿದ್ನಿ. ಪೆಟ್ರೋಲಿನ ನಾತ ತಡೀಲಿಲ್ಲ, ಹಿಂದಿನ ದಿನ ಸಂಜಿಮುಂದ ಅಂಗಳಕ್ಕ ತಂದಿಟ್ನಿ. ಮುಚ್ಚಳ ಹಾಕಿದ್ನಿ, ಬಿಗಿಯಾಗಿ ಹಾಕಿದ್ನೋ ಇಲ್ಲೋ... ಮಳಿ ಬಂತು. ಇವರಿಗೂ ಹೇಳಿಲ್ಲ. ನೀ ಬರಕೊಟ್ಟದ್ದು ಕೇಳಿದ ಮ್ಯಾಲ ನನಗ ನಿದ್ದಿ ಇಲ್ಲ ತಮ್ಮಾ. ಹಡದ ಕೈಲೆ ಅಕಿನ್ನ ಹೊಳಿಗಿ ಕೊಟ್ಟೆನೇನು?"

ಗುರುಲಿಂಗಪ್ಪ ನೆಟ್ಟಗೆ ಕೂತ. ಅವನಿಗೂ ಇದು ಹೊಸದೆಂದು ಮುಖದಲ್ಲೇ ತಿಳಿಯುತ್ತಿತ್ತು. ಇಸಾಕ ಅವನತ್ತ ನೋಡಿದ. ಈ ಸಲ ಆ ಕಡೆಯಿಂದ ಬೇಡ ಎಂಬ ಮಾತು ಬರಲಿಲ್ಲ.

"ಅವ್ವಾ, ಪೆಟ್ರೋಲು ಚಲೋ ಇತ್ತು" ಎಂದ ಇಸಾಕ. ತಾಟು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಹೇಳಿದ. ಟೈರಿನ ರಬ್ಬರು, ಖಾನೆಯ ಪೊಟ್ಟಣ, ಜೇಬಿಗೆ ಹೋದ ಚೂರುಗಳು, ಗಾಜಿನ ಬಾಟಲಿ. ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೋದಂತೆ, ತನ್ನ ತಪ್ಪು ಎಷ್ಟು ಸಣ್ಣ ಸಣ್ಣ ತುಂಡುಗಳಲ್ಲಿ ಆಗಿತ್ತೆಂದು ಅವನಿಗೇ ಕೇಳಿಸುತ್ತಿತ್ತು.

ಕಸ್ತೂರೆವ್ವ ಅಳಲಿಲ್ಲ, ಬೈಯಲಿಲ್ಲ. ಪೂರ್ತಿ ಕೇಳಿದ ಮೇಲೆ ಗಂಡನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತೇನು?"

"ಹೂಂ."

"ಯಾವಾಗಿಂದ?"

"ಮೊದಲಿಂದ."

"ನನ್ನ ಬಾಜೂಕ ಮಕ್ಕೊಂಡು, ನಾ ದಿನಾ ಎದ್ದು ಕುಂದರೂದು ನೋಡಿ, ಯಾಕ ಅಂತ ಒಂದು ದಿನ ಕೇಳಲಿಲ್ಲ ನೀವು."

"ಮಗಳು ಹೋಗಿದ್ಲು. ನಿದ್ದಿ ಹ್ಯಾಂಗ ಬರತೈತಿ ಅಂತ..." ಎಂದ ಗುರುಲಿಂಗಪ್ಪ.

"ಇಂವಾ ಸುಳ್ಳು ಹೇಳಿದ. ಹೊರಗಿನಾಂವ. ನೀವು ಮನ್ಯಾಗಿನವರು ಬಾಯಿ ಮುಚಗೊಂಡು ಕುಂತ್ರಿ. ಇಬ್ಬರ ನಡುವ ನಾ ಆರು ತಿಂಗಳು ನನ್ನ ಕೈ ನೋಡಕೊಂಡು ಕುಂತೇನಿ."

ಅವಳು ಎದ್ದು ಒಳಗೆ ಹೋದಳು. ಗುರುಲಿಂಗಪ್ಪ ಇಸಾಕನನ್ನು ನೋಡಿ, "ಆತೇನು? ಹಗೂರಾತೇನು?" ಎಂದು ಕೇಳಿದ. ಇಸಾಕನಿಗೆ ಹಗುರವಾಗಿರಲಿಲ್ಲ.

ಮರುದಿನ ಕಸ್ತೂರೆವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಸಿಂದಗಿ ಕಡೆಯ ಬಸ್ಸು ಹತ್ತಿ ಕನ್ನೊಳ್ಳಿಯ ತಮ್ಮನ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಇಸಾಕ ಫೌಜದಾರರ ಬಳಿ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟ. ಮುಗಿದ ಕೇಸು, ಈಗ ಯಾಕೆ ಎಂದು ಅವರು ಕಾಗದ ತೆಗೆದುಕೊಂಡು ಇಟ್ಟುಕೊಂಡರು. ಮುಂದೆ ಅದರ ಸುದ್ದಿಯೇ ಇಲ್ಲ. ಸೊಸೈಟಿಯ ಐದು ಇಂಜಿನ್ನುಗಳನ್ನು ಅವನೇ ವಾಪಸು ಕೊಟ್ಟ. ವಿಷಯ ಊರಲ್ಲಿ ಹರಡಿತು. ಎರಡು ತಿಂಗಳು ಅಂಗಡಿಗೆ ಜನ ಕಡಿಮೆಯಾದರು. ಬೇಸಿಗೆ ಬಂದು ಬೋರ್‌ವೆಲ್ ಮೋಟರು ಸುಡತೊಡಗಿದ ಮೇಲೆ ಎಲ್ಲರೂ ತಿರುಗಿ ಬಂದರು, ಯಾರೂ ಏನೂ ಅನ್ನಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಸಗೀರಾ ಈಗ ಮಾತಾಡುತ್ತಾಳೆ, ಆದರೆ ನಗುವುದಿಲ್ಲ.

ಗುರುಲಿಂಗಪ್ಪ ಪ್ರತಿ ಸೋಮವಾರ ಕನ್ನೊಳ್ಳಿಗೆ ಹೋಗುತ್ತಾನೆ. ಕಸ್ತೂರೆವ್ವ ಕುಡಿಯಲು ನೀರು ಕೊಡುತ್ತಾಳೆ. ಅವನು ಕಟ್ಟೆಯ ಮೇಲೆ ಒಂದು ತಾಸು ಕೂರುತ್ತಾನೆ. ಅವಳು ಕೆಲಸ ಮಾಡುತ್ತ ಒಳಗೂ ಹೊರಗೂ ಓಡಾಡುತ್ತಾಳೆ, ಮಾತಾಡುವುದಿಲ್ಲ. ಐದೂವರೆಯ ಬಸ್ಸಿಗೆ ಅವನು ಎದ್ದು ಬರುತ್ತಾನೆ.